ಓರಗಿತ್ತಿಯ ತೇಲುವ ಕಟ್ಟೆ

ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಬುದ್ಧಿ ಹೇಳುವವರಿಗೆ ಓರಗಿತ್ತಿ ಇರುವುದಿಲ್ಲ. ನನಗಿದ್ದಾಳೆ, ಮೈದುನನ ಹೆಂಡತಿ. ಬೇಲೂರಿನಾಚೆ ಯಗಚಿ ಹಿನ್ನೀರಿನ ಅಂಚಿನಲ್ಲಿ ನಮ್ಮ ಪಾಲಿನ ಜಮೀನಿಗೆ ಅವರ ಪಾಲು ಅಂಟಿಕೊಂಡೇ ಇದೆ. ದೇವಸ್ಥಾನ ನೋಡಲು ಬಂದ ಜನ ಸಂಜೆ ನೀರಿನ ಹತ್ತಿರ ಸುತ್ತಾಡುವುದನ್ನು ಕಂಡು, ಇಲ್ಲಿ ದೋಣಿ ಹತ್ತಿಳಿಯಲು ಒಂದು ಕಟ್ಟೆ ಮಾಡಬೇಕು ಎಂದು ಮೊದಲು ಹೇಳಿದವಳು ನಾನು. ನನ್ನ ಬಾಯಿ ಸುಮ್ಮನಿರಬಾರದೇ, ಅವಳ ಮುಂದೆಯೇ ಹೇಳಿದೆ.

"ದೋಣಿಗಾಗಿ ಕಟ್ಟೆ ಕಟ್ಟಲು ಅನುಮತಿ" ಎಂದು ಅರ್ಜಿ ಕೊಟ್ಟೆ. ಆಮೇಲೆ ನೀರಾವರಿ ಆಫೀಸಿಗೆ ಅಲೆದದ್ದೇ ಅಲೆದದ್ದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ದೇವರೇ ಸೀಟಿನಲ್ಲಿರುತ್ತಿರಲಿಲ್ಲ. ಕೊನೆಗೊಂದು ದಿನ ಎಂಜಿನಿಯರ್ ಸಿಕ್ಕರು.

"ಏನಮ್ಮಾ, ನಾವು ಅಣೆಕಟ್ಟೆ ಕಟ್ಟಿರೋದು ಸಾಲ್ದು ಅಂತ ಅದರ ನೀರೊಳಗೆ ನೀವೊಂದು ಕಟ್ಟೆ ಕಟ್ತೀರಾ?"

"ಅಯ್ಯೋ ಸಾರ್, ನೀರು ನಿಲ್ಸೋ ಕಟ್ಟೆ ಅಲ್ಲ, ಜನ ನಿಲ್ಲೋ ಕಟ್ಟೆ!"

"ಅದಾದ್ರೂ ಅಷ್ಟೇ. ನೀರು ಬರೋ ಜಾಗದಲ್ಲಿ ಕಲ್ಲು, ಸಿಮೆಂಟು ಹಾಕೋ ಹಾಗಿಲ್ಲ. ಇನ್ನೊಬ್ಬರು ಡ್ರಮ್ಮಿನ ಮೇಲೆ ಹಲಗೆ ತೇಲಿಸ್ತೀವಿ ಅಂತ ಕೇಳಿದ್ರು, ಅವರಿಗೆ ಆಗಿದೆ. ಆ ದಡಕ್ಕೆ ಒಂದೇ ಕೊಡೋದು."

ಆ ಇನ್ನೊಬ್ಬರು ಯಾರೆಂದು ಕೇಳಬೇಕೇ? ಮೈಯೆಲ್ಲ ಉರಿದುಹೋಯಿತು. ಇವಳದು ಮೊದಲಿಂದಲೂ ಇದೇ ಕಥೆ. ಒಂದೇ ಹಿಟ್ಟು, ಒಂದೇ ಹೂರಣ, ಆದರೂ ಅತ್ತೆಯ ಬಾಯಲ್ಲಿ ಅವಳ ಒಬ್ಬಟ್ಟು ಹೂವು, ನನ್ನದು ಹಪ್ಪಳ. ಈಗ ಯೋಚನೆ ನನ್ನದು, ಪರ್ಮಿಷನ್ ಅವಳದು. ಬಸ್ಸಿನಲ್ಲಿ ಪಕ್ಕದವರು ಟೈಮ್ ಕೇಳಿದ್ದಕ್ಕೂ ರೇಗಿದೆ.

ಕೆಲವು ದಿನಕ್ಕೆ ಅವಳೇ ನಮ್ಮ ಮನೆಗೆ ಬಂದಳು. ದೋಣಿಗೆ ಬರುವ ಜನ ನಮ್ಮ ಬದುವಿನ ಮೇಲೆ ಹಾದುಹೋಗಬೇಕು. ಜಮೀನು ನನ್ನ ಹೆಸರಿನಲ್ಲಿದೆ. ನಾನು ಒಪ್ಪದೆ ಕೆಲಸ ಶುರುಮಾಡುವಂತಿಲ್ಲವಂತೆ.

"ಅಕ್ಕಾ, ನಿಮ್ದೊಂದು ಸೈನ್ ಬೇಕಾಗೈತೆ. ನಿಮಗೆ ಇಷ್ಟ ಇಲ್ದಿದ್ರೆ ಬಲವಂತ ಇಲ್ಲ, ಪರ್ಮಿಷನ್ ವಾಪಸ್ ಕೊಟ್ಬುಡ್ತೀನಿ."

ಜಗಳವನ್ನಾದರೂ ಆಡಬಾರದೇ ಮಹಾತಾಯಿ! "ನೋಡಾಣ ಬಿಡು" ಎಂದು ಸಕ್ಕರೆ ಕಮ್ಮಿ ಹಾಕಿ ಕಾಫಿ ಕೊಟ್ಟೆ. ಅದನ್ನೂ ಚೆನ್ನಾಗೈತೆ ಎಂದು ಕುಡಿದು ಹೋದಳು.

ಮಾರನೆಯ ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಹೆಂಗಸರು ನನಗೆ ಬೆನ್ನು ಮಾಡಿ ನಿಂತು ಮಾತಾಡುತ್ತಿದ್ದರು.

"ದೊಡ್ಡೋಳು ಸೈನ್ ಹಾಕಲ್ವಂತೆ ಕಣೇ."

"ಅಯ್ಯೋ ಪಾಪ, ಚಿಕ್ಕೋಳು ಎಂಥಾ ಒಳ್ಳೇಳು!"

ಹಾಲಿನ ಕ್ಯಾನನ್ನು ಅಲ್ಲೇ ಇಟ್ಟು ನೆಟ್ಟಗೆ ಅವಳ ಮನೆಗೆ ಹೋಗಿ ಸೈನ್ ಹಾಕಿದೆ. ಅವಳು ನನ್ನ ಕೈ ಹಿಡಿದುಕೊಂಡು ಕಣ್ಣೀರು ಹಾಕಿದಳು.

ಸುದ್ದಿ ಕೇಳಿ ನನ್ನ ಯಜಮಾನರಿಗೆ ನಂಬಿಕೆಯೇ ಬರಲಿಲ್ಲ. "ನಿನ್ನೆಯೆಲ್ಲ ಹಲ್ಲು ಕಡೀತಿದ್ದೆ. ಇವತ್ತು ಮನಸ್ಸು ಕರಗಿಬಿಡ್ತೇನೇ?"

"ಕರಗ್ತು ಬಿಡಿ! ಕಟ್ಟೆ ಅಂತೂ ಅವಳಿಗೆ ಹೋಯ್ತು. ಊರೋರ 'ಅಯ್ಯೋ ಪಾಪ'ನೂ ಅವಳಿಗೇ ಬಿಟ್ಕೊಡ್ಲೇನ್ರೀ?"