ಎರಡನೇ ಡಿಕಾಕ್ಷನ್

ಡಿಕಾಕ್ಷನ್ ಎಂದರೆ ಕುದಿಸಿ ಇಳಿಸಿದ ಕಷಾಯವಂತೆ, ಮೊಮ್ಮಗಳು ಫೋನಿನಲ್ಲಿ ನೋಡಿ ಹೇಳಿದಳು. ಜಕ್ಕೂರಿನ ನಮ್ಮ ಕೂಡುಮನೆಯಲ್ಲಿ ಕುಡಿಯುವವರ ಮುಖ ನೋಡಿ ಆ ಅರ್ಥ ಬದಲಾಗುತ್ತಿತ್ತು. ಫಿಲ್ಟರಿನಿಂದ ಮೊದಲು ಇಳಿದ ಗಟ್ಟಿ ಡಿಕಾಕ್ಷನ್ ಗಂಡಸರಿಗೆ ಮತ್ತು ನನ್ನ ಹಿರಿಯ ಓರಗಿತ್ತಿಗೆ. ಅದೇ ಚರಟಕ್ಕೆ ಮತ್ತೆ ಬಿಸಿನೀರು ಹೊಯ್ದು ಇಳಿಸಿದ್ದು ಕಿರಿಸೊಸೆಯಾದ ನನಗೆ. ಅಡುಗೆಮನೆ ಓರಗಿತ್ತಿಯ ಕೈಯಲ್ಲಿತ್ತು, ಕೊಟ್ಟಿದ್ದನ್ನೇ ಕುಡಿದೆ.

ಮೊನ್ನೆ ಅವಳು ನನ್ನ ಮನೆಗೆ ಬಂದಳು. ಗಟ್ಟಿಯದನ್ನು ನಾನು ಬಗ್ಗಿಸಿಕೊಂಡು, ಎರಡನೆಯದನ್ನು ಅವಳಿಗೆ ಕೊಟ್ಟೆ.

ಒಂದು ಗುಟುಕಿಗೇ ಅವಳ ಮುಖ ಹುಳ್ಳಗಾಯಿತು. "ಏನೇ ಇದು, ಲೋಟ ತೊಳೆದ ನೀರಾ?"

"ಡಿಕಾಕ್ಷನ್ ಕಣಕ್ಕಾ. ನೀನೇ ಕಲ್ಸಿದ್ದು."

"ಇನ್ನೊಂಚೂರು ಸಕ್ಕರೆನಾದ್ರೂ ಹಾಕೇ."

"ನಾನು ಕೇಳ್ದಾಗ ನೀನು ಹಾಕಿದ್ಯಾ?"

ತಲೆ ತಗ್ಗಿಸಿ ಪೂರ್ತಿ ಕುಡಿದಳು. ಎದುರೇ ಕೂತು ನೋಡಿದೆ. ಮತ್ತೆ ಬಂದರೂ ಅದನ್ನೇ ಕೊಡುತ್ತೇನೆ.