ನನ್ನ ಲಂಗಕ್ಕೆ ನನ್ನನ್ನೇ ಲೈನಲ್ಲಿ ನಿಲ್ಲಿಸಿದರು

ಹೋದ ಮಂಗಳವಾರ ನಾಗಲಮಡಿಕೇಲಿ ಅರಳಿಕಟ್ಟೆ ಮೇಲೆ, ಬರೀ ಸೀರೆ ಸುತ್ಕೊಂಡು, ಅದನ್ನ ಎರಡು ಕೈಯಲ್ಲೂ ಬಿಗಿಯಾಗಿ ಹಿಡ್ಕೊಂಡು ಕೂತಿದ್ದೆ. ಒಳಗೆ ಲಂಗ ಇರಲಿಲ್ಲ.

ಲಂಗ ಕಣ್ಣೆದುರಿಗೇ ಇತ್ತು. ಅದರ ಮುಂದೆ ಹೆಂಗಸರು ಲೈನು ನಿಂತಿದ್ದರು!

ನಗಬೇಡ್ರಮ್ಮ, ಹೇಳ್ತೀನಿ ಕೇಳಿ.

ಸೊಸೆ ಶೋಭಾದು ಹರಕೆ ಇತ್ತು. ಅಲ್ಲೇ ತಲೆ ಮೇಲೆ ನೀರು ಹುಯ್ಕೊಂಡು ಅಲ್ಲಿನ ದೇವರು ಸುಬ್ಬಪ್ಪನ ದರ್ಶನ ಮಾಡ್ತೀನಿ ಅಂತ. ಮೊಮ್ಮಗಳು ಚಿನ್ನುನೂ ಸೇರಿ ಮೂರು ಜನ ಮಧುಗಿರೀಲಿ ಬಸ್ ಹತ್ತಿ, ಪಾವಗಡದಲ್ಲಿ ಇಳಿದು, ಇನ್ನೊಂದು ಬಸ್ ಹಿಡಿದು ಹೋದ್ವಿ.

ಹೊಳೇಲಿ ನೀರೆಲ್ಲಿ ಬರಬೇಕು... ಮರಳು ಹುರಿದಂಗೆ ಕಾದಿತ್ತು. ದಡದ ಮೇಲೊಂದು ನಲ್ಲಿ. ಬಯಲಲ್ಲೇ ಸ್ನಾನ.

ನಾನು ಲಂಗನ ಎದೆ ಮಟ್ಟ ಏರಿಸಿ, ಲಾಡಿ ಬಿಗಿದು, ನಲ್ಲಿ ಕೆಳಗೆ ನೆನೆದು ಬಂದ್ಬುಟ್ಟೆ. ಮೇಲೆ ಸೀರೆ ಸುತ್ಕೊಂಡು, ಲಂಗ ಒಳಗಿಂದ ಜಾರಿಸಿ, ಹಿಂಡಿ, ಅರಳಿ ಕೊಂಬೆ ಮೇಲೆ ಹರವಿದೆ. ಪಾವಗಡದ ಬಿಸಿಲು ಕೇಳಬೇಕಾ? ಎಲೆ ಅಡಿಕೆ ಅಗಿದು ಉಗಿಯೋ ಹೊತ್ತಿಗೆ ಒಣಗುತ್ತೆ.

ಅಷ್ಟರಲ್ಲಿ ನಲ್ಲಿ ಹತ್ರ ಹೋಗಿದ್ದ ಶೋಭಾ ಹಂಗೇ ವಾಪಸ್ ಬಂದ್ಲು.

ಅವಳು ಸೀರೆ ಒಳಗೆ ಹಾಕೋದು ಶೇಪ್‌ವೇರು ಅಂತೆ. ಲಾಡಿ ಇಲ್ಲ, ಮೊಣಕಾಲವರೆಗೂ ಬಿಗಿ, ಕೆಳಗೆ ಮೀನಿನ ಬಾಲ ಇದ್ದಂಗೆ. ಅದು ನೆಂದ್ರೆ ಹಾವಿನ ಪೊರೆ ಥರ ಮೈಗೆ ಅಂಟ್ಕೊಳ್ಳುತ್ತೆ. ಜನದ ಮಧ್ಯೆ ಹೆಂಗೆ ನಿಲ್ತಾಳೆ?

"ಅತ್ತೆ, ನಿಮ್ ಲಂಗ ಒಂದ್ನಿಮಿಷ ಕೊಡಿ..."

ಇವಳೇ ಕಣ್ರಿ, ನನ್ನ ಇನ್ನೊಂದು ಲಂಗನ ಕತ್ತರಿಸಿ ಗ್ಯಾಸ್ ಒಲೆ ಒರೆಸೋಕೆ ಇಟ್ಕೊಂಡಿರೋಳು! ಹೊಸದು ತಗೊಳ್ಳೋಣ ಅಂತ ಮಧುಗಿರಿ ಪೇಟೆಗೆ ಹೋದ್ರೆ, ಈಗ ಕಾಟನ್ ಲಂಗ ಯಾರೂ ಕೇಳಲ್ಲ ಅಜ್ಜಿ, ತರಿಸಲ್ಲ ಅಂದ ಅಂಗಡಿಯವನು. ಉಳಿದಿರೋದು ಈ ಕೆಂಪು ಲಂಗ ಒಂದೇ.

"ತಗೋ ಕಣಮ್ಮ, ಒಲೆ ಒರೆಸೋ ಬಟ್ಟೆ. ಜೋಪಾನ" ಅಂದೆ. ತಗೊಂಡು ನಲ್ಲಿ ಕಡೆ ಓಡಿದ್ಲು.

ಅವಳಾದ ಮೇಲೆ ಚಿನ್ನು. ಲೆಗ್ಗಿನ್ಸ್ ಹಾಕ್ಕೊಂಡು ಬಂದಿದ್ಲು, ಅವಳಿಗೂ ಅದೇ ಬೇಕಾಯ್ತು.

ಅದನ್ನ ನೋಡ್ತಿದ್ದ ಆಂಧ್ರದ ಕಡೆಯ ಹೆಂಗಸೊಬ್ಬಳು ಬಂದು, "ಅವ್ವಾ, ಆ ಲಂಗಾ ನಾಕೂ ಒಕ್ಕಸಾರಿ ಇಸ್ತಾವಾ?" ಅಂದ್ಲು. ನಂಗೂ ಒಂದ್ಸಲ ಕೊಡ್ತೀಯಾ ಅಂತ ತೆಲುಗಲ್ಲಿ ಕೇಳಿದ್ರೂ ಕಷ್ಟ ಒಂದೇ ಅಲ್ವಾ. ಕೊಟ್ಟೆ.

ಆಮೇಲೆ ನನ್ನನ್ನ ಯಾರೂ ಕೇಳಲೇ ಇಲ್ಲ. ಒಬ್ಬಳು ಹಿಂಡಿ ಕೊಂಬೆಗೆ ಹಾಕ್ತಾಳೆ, ಇನ್ನೊಬ್ಬಳು ಎಳ್ಕೊಂಡು ಹೋಗ್ತಾಳೆ, ಉಳಿದೋರು ಲೈನು ನಿಂತವ್ರೆ. ಒಬ್ಬಳದು ಪಲಾಜೋ ಪ್ಯಾಂಟು. ಇನ್ನೊಬ್ಬಳದು ಹೊಲಿದೇ ಬಂದಿರೋ ಸೀರೆ, ಜಿಪ್ ಎಳೆದ್ರೆ ಆಯ್ತಂತೆ. ಅಷ್ಟು ಹೆಂಗಸರಲ್ಲಿ ಒಬ್ಬಳ ಹತ್ರನಾದ್ರೂ ಲಂಗ ಇರಬಾರದಾ!

ಒಣಗೋಕೆ ಬಿಟ್ಟರೆ ತಾನೇ ನಾನು ಉಡೋದು? ಸಾಯಂಕಾಲದ ಬಸ್ ತಪ್ಪಿದ್ರೆ ನಮ್ಗೆ ಬೇರೆ ದಾರಿ ಇಲ್ಲ.

ಅಷ್ಟೊತ್ತಿಗೆ ಆಟೋದಿಂದ ಒಬ್ಬಾಕೆ ಹಣ್ಣುಕಾಯಿ ತಟ್ಟೆ ಹಿಡ್ಕೊಂಡು ಇಳಿದ್ಲು. ಅರಳಿಮರ, ಬುಡದಲ್ಲಿ ನಾಗರಕಲ್ಲು, ಕೊಂಬೆ ಮೇಲೆ ಕೆಂಪು ಬಟ್ಟೆ, ಮುಂದೆ ಹೆಂಗಸರ ಲೈನು... ಯಾರನ್ನೂ ಏನೂ ಕೇಳಲಿಲ್ಲ. ಸೀದಾ ಬಂದು ನನ್ನ ಲಂಗದ ಅಂಚಿಗೆ ಅರಿಶಿಣ ಕುಂಕುಮ ಹಚ್ಚಿ, ಲಾಡಿಗೆ ಕನಕಾಂಬರ ಸಿಗಿಸಿ, ಕಣ್ಣಿಗೊತ್ಕೊಂಡ್ಲು.

ಆಕೆ ಹಿಂದೆ ಹೊಸದಾಗಿ ಬಂದೋಳು ಊದುಬತ್ತಿ ಬೆಳಗಿದ್ಲು. ಅವಳ ಹಿಂದಿದ್ದೋಳು, ಎಷ್ಟು ಸುತ್ತು ಬರಬೇಕು ಅಂತ ಕೇಳ್ತಿದ್ದಾಳೆ!

"ಲೇ, ಅದು ನನ್ ಲಂಗ ಕಣ್ರಮ್ಮೋ!" ಅಂತ ಕೂತಲ್ಲಿಂದಲೇ ಕೂಗಿದೆ. ಓಡೋಗಿ ಕಿತ್ಕೊಳ್ಳೋಣ ಅಂದ್ರೆ ಕೈ ಬಿಟ್ರೆ ಸೀರೆ ಕೆಳಗೆ.

ತಟ್ಟೆ ಹಿಡಿದಾಕೆ ನಿಧಾನಕ್ಕೆ ತಿರುಗಿ, "ದೇವ್ರ ಹತ್ರ ನಂದು ನಿಂದು ಅನ್ಬಾರದು ಕಣಜ್ಜಿ. ಲೈನಲ್ಲಿ ಬನ್ನಿ" ಅಂದ್ಲು.

ಹೋಗಿ ನಿಂತೆ ಕಣ್ರಿ. ಇನ್ನೇನು ಮಾಡ್ಲಿ?

ಮುಂದಿದ್ದ ಹುಡುಗಿ, "ನಿಮ್ದೇನು ಹರಕೆ ಅಜ್ಜಿ?" ಅಂದ್ಲು.

"ಮನೆಗೆ ಹೋಗೋದು" ಅಂದೆ.

ಅಂತೂ ನನ್ನ ಪಾಳಿ ಬಂತು. ಬಸ್ಸೂ ಬಂತು, ಹಾರನ್ ಹೊಡೀತಿದೆ. ಲಂಗಕ್ಕೆ ಕೈ ಹಾಕಿದ್ನೋ ಇಲ್ವೋ, ಶೋಭಾ ನನ್ನ ಕೈ ಹಿಡಿದ್ಲು. "ಬೇಡ ಅತ್ತೆ! ಪೂಜೆ ಆಗಿರೋದನ್ನ ಸೊಂಟಕ್ಕೆ ಉಡ್ಬಾರದು. ದೋಷ ಬರುತ್ತೆ."

ಒಲೆ ಒರೆಸೋವಾಗ ಬರದೇ ಇದ್ದ ದೋಷ! ಆದ್ರೆ ಇಡೀ ಲೈನು ಹೌದೌದು ಅಂತ ತಲೆ ಆಡಿಸ್ತಿದೆ.

ಲಂಗ ಇಲ್ದೆ ಸೀರೆ ಗಂಟು ಹಾಕೋಣ ಅಂದ್ರೆ ಈ ಸಿಂಥೆಟಿಕ್ ಸೀರೇಲಿ ಗಂಟು ನಿಲ್ಲಲ್ಲ. ನಮ್ಮತ್ತೆ ನೂಲಿನ ಸೀರೆ ಉಡ್ತಿದ್ರು, ಅದಕ್ಕೆ ಲಂಗಾನೇ ಬೇಕಿರಲಿಲ್ಲ. ಹೊಸದಾಗಿ ಮದುವೆಯಾಗಿ ನಾನು ಲಂಗ ಉಟ್ಟು ಬಂದಾಗ, ಸೀರೆ ಒಳಗೊಂದು ಸೀರೆ ಯಾಕೆ, ಏನು ಶೋಕಿ ಇವಳದು ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದಿದ್ರು.

ಕೊನೆಗೆ ಚಿನ್ನು ಬ್ಯಾಗಿಂದ ಇನ್ನೊಂದು ಮೀನಿನ ಬಾಲ ತೆಗೆದ್ಲು. ಸೀರೆ ಉಟ್ಟು ರೀಲ್ಸ್ ಮಾಡೋಕೆ ಅಂತ ತಂದಿದ್ಲಂತೆ. ಚೀಲಕ್ಕೆ ಕಡ್ಲೆಕಾಯಿ ತುಂಬಿದಂಗೆ ನಾನು, ಸೊಸೆ, ಮೊಮ್ಮಗಳು ಮೂರೂ ಜನ ಸೇರಿ ನನ್ನನ್ನ ಅದರೊಳಗೆ ತುಂಬಿದ್ವಿ.

ಬಸ್ ಮೆಟ್ಟಿಲು ಹತ್ತೋಕೆ ಕಾಲು ಒಂದು ಗೇಣು ಅಗಲ ಆಗಲ್ಲ. "ಬೇಗ ಹತ್ತವ್ವ" ಅಂತಾನೆ ಕಂಡಕ್ಟರು. "ಎತ್ತಪ್ಪ" ಅಂದೆ. ಮೇಲಿಂದ ಅವನು ಎಳೆದ, ಕೆಳಗಿಂದ ಇವರಿಬ್ಬರು ತಳ್ಳಿದ್ರು. ಪಾವಗಡದಲ್ಲಿ ಬಸ್ ಬದಲಾಯಿಸಿ, ಮಧುಗಿರಿ ತನಕ ಕೂರೋಕಾಗದೆ ನಿಂತ್ಕೊಂಡೇ ಬಂದೆ.

ಹಂಗೇ ಮಡಚಿ ತಂದ ಲಂಗ ಈಗ ನಮ್ಮನೆ ದೇವರ ಗೂಡಲ್ಲಿದೆ. ಶೋಭಾ ದಿನಾ ಊದುಬತ್ತಿ ಬೆಳಗ್ತಾಳೆ. ನಾನು ಅದರ ಮುಂದೆ ಮೀನಿನ ಬಾಲದಲ್ಲಿ ಕುಪ್ಪಳಿಸ್ಕೊಂಡು ಕಸ ಗುಡಿಸ್ತಿದೀನಿ...

ಸಿರಾ, ಕೊರಟಗೆರೆ ಕಡೆಯೋರೇ, ಲಾಡಿ ಇರೋ ಕಾಟನ್ ಲಂಗ ನಿಮ್ಮೂರಲ್ಲಿ ಎಲ್ಲಾದ್ರೂ ಸಿಗುತ್ತಾ, ಇಲ್ಲ ದೇವರ ಗೂಡಿಗೇ ಕೈ ಹಾಕ್ಲಾ?