ಸಿದ್ದರಾಜಣ್ಣ ಬಡಿದ ಬಾಗಿಲು

ಸಿದ್ದರಾಜಣ್ಣ ಕಾರನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ. ಎಡಗೈಗೆ ಹಳೆಯ ಹತ್ತಿ ಸೀರೆಯ ತುಂಡೊಂದನ್ನು ಸುತ್ತಿಕೊಂಡು, ಕಣ್ಣು ಮುಚ್ಚಿ, ಕಾರಿನ ಮೈಮೇಲೆ ಅಂಗೈ ಆಡಿಸುತ್ತಿದ್ದರು. ನಮ್ಮ ಮನೆಗೆ ಮೊದಲ ಸಲ ಬಂದ ದಿನ ಹಾಗೆಯೇ ಹೆಡ್‌ಲೈಟಿನಿಂದ ಹಿಂದಿನ ಚಕ್ರದ ಕಡೆಗೆ ಹೋಗುತ್ತ, ನಡುವೆ ಒಂದು ಕಡೆ ನಿಂತರು.

"ಇಲ್ಲೊಂದ್ಸಲ ದನ ಗುದ್ದಿದೆ, ಮೇಡಮ್ಮೋರೆ. ಆಮೇಲೆ ಯಾರೋ ಕೆಲ್ಸ ತಿಳೀದೋರು ರಿಪೇರಿ ಮಾಡವ್ರೆ."

ದನವಲ್ಲ, ಎಮ್ಮೆ. ನಂಜನಗೂಡಿನ ರಸ್ತೆಯಲ್ಲಿ. ಆಗ ನನಗೆ ಎಂಟು ವರ್ಷ, ಅಪ್ಪನ ಪಕ್ಕದ ಸೀಟಿನಲ್ಲಿ ಕೂತಿದ್ದೆ. ಆ ಸಂಗತಿ ತಿಳಿದಿದ್ದವರು ನಾನು, ಅಪ್ಪ ಇಬ್ಬರೇ. ಅಪ್ಪ ತೀರಿಹೋಗಿ ಆಗಲೇ ಆರು ತಿಂಗಳಾಗಿತ್ತು.

ಅಪ್ಪ ಡಾಕ್ಟರು. ಕಾಫಿ ತೋಟ ಮಾರಿ ಊರಿಗೆ ಹೊರಟಿದ್ದ ಇಂಗ್ಲಿಷಿನವನೊಬ್ಬನಿಂದ ಆ ಕಾರು ಕೊಂಡಿದ್ದರಂತೆ. ಇಬ್ಬರಷ್ಟೇ ಕೂರಬಹುದಾದ, ನೆಲಕ್ಕೆ ಅಂಟಿಕೊಂಡಂತಿದ್ದ ಬೂದುಬಣ್ಣದ ಸ್ಪೋರ್ಟ್ಸ್ ಕಾರು. ನಜರ್‌ಬಾದಿನ ನಮ್ಮ ಮನೆಯ ಷೆಡ್ಡಿನಲ್ಲಿ ಇಪ್ಪತ್ತು ವರ್ಷ ಕದಲದೆ ನಿಂತಿತ್ತು. ಒಂದು ಮಳೆಗಾಲದಲ್ಲಿ ಷೆಡ್ಡಿನ ಗೋಡೆ ಕುಸಿದು ಎಡಗಡೆಯ ಬಾಗಿಲೂ ಮುಂದಿನ ಮಡ್‌ಗಾರ್ಡೂ ಜಜ್ಜಿಹೋದವು. "ಸರಿ ಮಾಡ್ಸಿ, ಓಡ್ಸೋರಿಗೆ ಯಾರಿಗಾದ್ರೂ ಕೊಟ್ಬುಡು" ಎಂದು ಕೊನೆಯ ದಿನಗಳಲ್ಲಿ ಅಪ್ಪ ಹೇಳಿದ್ದರು. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಕಾರು ಬಿಡಲು ಬರುವುದಿಲ್ಲ. ಮದುವೆಯಾಗಿಲ್ಲ. ಅಪ್ಪ ಹೋದ ಮೇಲೆ ಮನೆಯಲ್ಲಿ ಸದ್ದು ಅಂತ ಇದ್ದದ್ದು ನೀರಿನ ಮೋಟಾರಿನದು ಮಾತ್ರ.

ಎಂಜಿನ್ ಕೆಲಸ ಮಾಡಿಕೊಟ್ಟವರೇ ಸಿದ್ದರಾಜಣ್ಣನನ್ನು ಕಳಿಸಿದ್ದು. ಬಸ್ಸಿಗೆ ಬಾಡಿ ಕಟ್ಟುವ ಷೆಡ್ಡುಗಳಲ್ಲಿ ನಲವತ್ತು ವರ್ಷ ತಗಡು ಬಡಿದವರು. ಅಶೋಕಪುರಂನಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಬೇರೆ ಗ್ಯಾರೇಜಿನವರೆಲ್ಲ ಪುಟ್ಟಿ ಮೆತ್ತಿ ಬಣ್ಣ ಹೊಡೆಯೋಣ ಎಂದಿದ್ದರು. ಇವರು ಒಪ್ಪಲಿಲ್ಲ. "ಇದು ಅಲ್ಯುಮಿನಿಯಂ ಮೈ. ಹೊಸ ಹಾಳೆ ತಂದು ಬಡೀಬೇಕು. ಆಯ್ತದೆ, ಆದ್ರೆ ನಿಧಾನ ಆಯ್ತದೆ" ಎಂದರು. ನನಗೂ ಅವಸರವಿರಲಿಲ್ಲ.

ಅಷ್ಟು ವರ್ಷದ ಬಡಿತಕ್ಕೆ ಅವರ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯಲ್ಲಿ ಒಂದಿಷ್ಟು ಉಳಿದಿತ್ತು. ಕಿವಿ ಕೇಳದವರು ಸಾಮಾನ್ಯವಾಗಿ ಗಟ್ಟಿಯಾಗಿ ಮಾತಾಡುತ್ತಾರೆ. ಸಿದ್ದರಾಜಣ್ಣನದು ಪಿಸುಮಾತಿಗಿಂತ ಒಂದು ಪಟ್ಟು ಹೆಚ್ಚು, ಅಷ್ಟೇ. ಕಾರಣ ಕೇಳಿದೆ. "ನಮ್ಮನೆಯೋಳು ಬೈಯೋಳು, ಬೀದಿಗೆಲ್ಲ ಕೇಳೋ ಅಂಗೆ ಕಿರುಚ್ತೀರಿ ಅಂತ. ಅವ್ಳು ಕೈ ಇಂಗೆ ಕೆಳಗೆ ಮಾಡುದ್ರೆ ನಾನು ತಗ್ಗಿಸ್ಕೋತಿದ್ದೆ. ಈಗ ಕೈ ತೋರ್ಸೋರು ಇಲ್ವಲ್ಲ, ಅದಕ್ಕೆ ಮೊದ್ಲೇ ತಗ್ಗಿಸ್ಕೊಂಡ್ಬುಟ್ಟಿದೀನಿ." ಕೈಗೆ ಸುತ್ತಿಕೊಳ್ಳುತ್ತಿದ್ದ ಸೀರೆಯ ತುಂಡು ಆಕೆಯದೇ. ಇದ್ದೊಬ್ಬ ಮಗಳನ್ನು ಕೊಳ್ಳೇಗಾಲದ ಕಡೆ ಕೊಟ್ಟಿದ್ದರು.

ಅವರು ಕೆಲಸ ಮಾಡುವಾಗ ಮನೆಯೆಲ್ಲ ಗಂಧದ ಸೋಪಿನ ವಾಸನೆ. ತಗಡಿನ ಮೇಲೆ ಸೋಪು ಉಜ್ಜಿ, ಹಿಂದಿನಿಂದ ಬೆಂಕಿ ಹಿಡಿಯುತ್ತಿದ್ದರು. ಸೋಪು ಕಪ್ಪಾದರೆ ತಗಡು ಮೆತ್ತಗಾಗಿದೆ ಎಂದು ಲೆಕ್ಕ. ಒಂದು ಗಳಿಗೆ ಹೆಚ್ಚಾದರೆ ಕರಗಿ ತೂತು. ಆಮೇಲೆ ಮರಳು ತುಂಬಿದ ಚರ್ಮದ ಚೀಲದ ಮೇಲಿಟ್ಟು ಮರದ ಸುತ್ತಿಗೆಯಿಂದ ಬಡಿತ. ಕಾಲೇಜಿನಿಂದ ಬರುವಾಗ ಬೀದಿಯ ತಿರುವಿನಲ್ಲೇ ಆ ಸದ್ದು ಕೇಳಿಸಿದರೆ ನನ್ನ ನಡಿಗೆ ಚುರುಕಾಗುತ್ತಿತ್ತು. ಅದನ್ನು ಯಾರಿಗೂ ಹೇಳಿದವಳಲ್ಲ.

ಆ ಕಾರು ಮಾಡಿದ ಕಂಪನಿಯ ಚರಿತ್ರೆಯ ದಪ್ಪ ಇಂಗ್ಲಿಷ್ ಪುಸ್ತಕವೊಂದು ಅಪ್ಪನ ಬೀರುವಿನಲ್ಲಿತ್ತು. ಚಿತ್ರ ನೋಡಲಿ ಎಂದು ಒಂದು ದಿನ ಕೊಟ್ಟೆ. ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು, "ಇದ್ರಲ್ಲಿ ಏನು ಬರ್ದವ್ರೆ, ಒಸಿ ಹೇಳಿ" ಎಂದರು. ಅಂದಿನಿಂದ ಊಟದ ಹೊತ್ತಿನಲ್ಲಿ ನಾನು ಅವರ ಬಲಕ್ಕೆ ಸ್ಟೂಲು ಹಾಕಿಕೊಂಡು ಕೂತು, ಒಂದೊಂದೇ ಪುಟ ಕನ್ನಡದಲ್ಲಿ ಗಟ್ಟಿಯಾಗಿ ಹೇಳುವುದು ರೂಢಿಯಾಯಿತು.

ಇಬ್ಬರು ಗೆಳೆಯರು ಲಂಡನ್ನಿನ ಒಂದು ಸಣ್ಣ ಅಂಗಡಿಯಲ್ಲಿ ಶುರುಮಾಡಿದ ಕಂಪನಿ ಅದು. ಯುದ್ಧ ಬಂದಾಗ ಕಂಪನಿ ನಿಂತಿತು. ಮತ್ತೆ ಎದ್ದಿತು, ದಿವಾಳಿಯಾಯಿತು, ಯಾರೋ ಕೊಂಡರು. ಅವರ ಕೈಯಲ್ಲೂ ಮುಳುಗಿತು. ರೇಸು ಗೆದ್ದು ಹೆಸರು ಬರುವ ಹೊತ್ತಿಗೆ ಕಂಪನಿಯ ಪೆಟ್ಟಿಗೆಯಲ್ಲಿ ದುಡ್ಡಿರುತ್ತಿರಲಿಲ್ಲ. ಒಂದು ಸಲ ಟ್ರ್ಯಾಕ್ಟರ್ ಮಾಡುವ ಯಜಮಾನರೊಬ್ಬರು ಪತ್ರಿಕೆಯ ಜಾಹೀರಾತು ನೋಡಿ ಕಂಪನಿಯನ್ನೇ ಕೊಂಡುಬಿಟ್ಟರು.

"ಟ್ರ್ಯಾಕ್ಟರ್‌ನೋರಾ?" ಸಿದ್ದರಾಜಣ್ಣ ಅನ್ನ ಕಲಸುವುದನ್ನು ನಿಲ್ಲಿಸಿದರು. "ಅಂಗಾದ್ರೆ ಸರಿ. ಅವ್ರಿಗೆ ಕೆಲ್ಸ ಗೊತ್ತಿರ್ತದೆ."

ಆ ಯಜಮಾನರೂ ಮುಂದೆ ಮಾರಬೇಕಾಯಿತು ಎಂದಾಗ ಅವರಿಗೆ ನಿಜವಾಗಿ ಬೇಸರವಾಯಿತು. ಮಾರನೆಯ ದಿನ ಬಂದವರೇ, "ಆಮೇಲೆ ಯಾರು ತಕ್ಕೊಂಡ್ರು?" ಎಂದು ಕೇಳಿದರು.

ಪುಸ್ತಕದ ನಡುವೆ ಕಾರ್ಖಾನೆಯ ಒಂದು ಫೋಟೊ. ಮರದ ಅಚ್ಚಿನ ಸುತ್ತ ಏಪ್ರನ್ ಕಟ್ಟಿದ ಏಳೆಂಟು ಜನ ತಗಡು ಬಡಿಯುತ್ತಿದ್ದಾರೆ, ಪಕ್ಕದಲ್ಲಿ ಸೂಟು ತೊಟ್ಟ ಒಬ್ಬರು ನಿಂತು ನೋಡುತ್ತಿದ್ದಾರೆ.

"ಇವ್ರ ಹೆಸ್ರೇನು?"

"ಸೂಟು ಹಾಕಿದೋರ ಹೆಸರು ಬರೆದಿದಾರೆ. ಮಿಕ್ಕವರದು ಇಲ್ಲ ಸಿದ್ದರಾಜಣ್ಣ."

ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಕೊನೆಗೆ ಮೂಲೆಯಲ್ಲಿದ್ದ ವಯಸ್ಸಾದ ಆಳೊಬ್ಬನ ಮೇಲೆ ಬೆರಳಿಟ್ಟು, "ಈ ಯಪ್ಪಂಗೆ ಎಡಗಿವಿ ಇಲ್ಲ. ತಲೆ ಎಂಗೆ ವಾಲ್ಸವ್ನೆ ನೋಡಿ, ಬಲಗಡೆಗೆ" ಎಂದರು. ಅವರೂ ಆಗ ಹಾಗೆಯೇ ತಲೆ ವಾಲಿಸಿಕೊಂಡು ಕೂತಿದ್ದರು. ಆ ಪುಟವನ್ನು ಅವರು ಬೇಗ ತಿರುಗಿಸಲು ಬಿಡಲಿಲ್ಲ.

ಬಾಗಿಲು ಮತ್ತು ಮಡ್‌ಗಾರ್ಡು ಮುಗಿಯಲು ಹದಿನಾಲ್ಕು ತಿಂಗಳು ಹಿಡಿಯಿತು. ಬಾಗಿಲನ್ನು ಒಂದು ಬೆರಳಿನಿಂದ ದೂಡಿದರೆ ತಾನಾಗಿ ಹೋಗಿ ಕೂರುತ್ತಿತ್ತು. ಹೊಸದು ಯಾವುದು, ಹಳೆಯದು ಯಾವುದು ಎಂದು ನನಗೆ ಗೊತ್ತಾಗುತ್ತಿರಲಿಲ್ಲ. ಅಷ್ಟರಲ್ಲಿ ಅವರ ಬಲಗಿವಿಯೂ ಮಂದವಾಗುತ್ತ ಬಂದಿತ್ತು. ಪುಸ್ತಕದ ಕೊನೆಯ ಅಧ್ಯಾಯಗಳನ್ನು ನಾನು ಹೆಚ್ಚುಕಡಿಮೆ ಕೂಗಿಯೇ ಹೇಳಿದ್ದು.

ಕಾರು ಕೊಳ್ಳಲು ಚೆನ್ನೈನಿಂದ ಒಬ್ಬರು ಬಂದರು. ಹಳೆಯ ಕಾರುಗಳ ಹವ್ಯಾಸದವರು. ಜೊತೆಗೆ ಒಬ್ಬ ತಜ್ಞ. ಅವರ ಎದುರು ಸಿದ್ದರಾಜಣ್ಣ ಒಗೆದ ಬಿಳಿ ಷರ್ಟು ತೊಟ್ಟು ಗೋಡೆಗೆ ಒರಗಿ ನಿಂತಿದ್ದರು. ತಜ್ಞ ಟಾರ್ಚು ಬಿಟ್ಟು ಬಾಗಿಲಿನ ಒಳಗಂಚು ನೋಡಿ, ಇಂಗ್ಲಿಷಿನಲ್ಲಿ, ಇದು ಒರಿಜಿನಲ್ ಅಲ್ಲ, ಯಾವನೋ ಲೋಕಲ್ ಟಿಂಕರ್ ಮಾಡಿದ್ದು, ಹಳೆಯದನ್ನು ಎಸೆದಿಲ್ಲ ತಾನೆ, ಎಂದು ಕೇಳಿದ. ಎಸೆದಿರಲಿಲ್ಲ, ಷೆಡ್ಡಿನ ಮೂಲೆಯಲ್ಲಿತ್ತು.

ಸಿದ್ದರಾಜಣ್ಣ ನಮ್ಮ ತುಟಿಗಳನ್ನೇ ನೋಡುತ್ತಿದ್ದರು. ಮೆಲ್ಲಗೆ ಹತ್ತಿರ ಬಂದು, "ಏನಂತೆ?" ಎಂದರು.

ನಾನು ಅವರ ಕಿವಿಗೆ ಬಾಗಿ, "ಕೆಲಸ ತುಂಬ ಚೆನ್ನಾಗಿದೆ ಅಂತೆ" ಎಂದೆ.

ಅವರು ಆ ತಜ್ಞನಿಗೆ ಕೈ ಮುಗಿದರು. ಅವನು ಏನೆಂದು ತಿಳಿಯದೆ ತಾನೂ ಮುಗಿದ.

ವಾರದ ಮೇಲೆ ಲಾರಿ ಬಂತು. ಬಂದವರು ಹೊಸ ಬಾಗಿಲನ್ನೂ ಮಡ್‌ಗಾರ್ಡನ್ನೂ ಬಿಚ್ಚಿ ಗೋಡೆಗೆ ಒರಗಿಸಿದರು. ಜಜ್ಜಿಹೋಗಿದ್ದ ಹಳೆಯವನ್ನು ಕಂಬಳಿಯಲ್ಲಿ ಸುತ್ತಿ, ಮಗುವನ್ನು ಎತ್ತುವ ಹಾಗೆ ಎತ್ತಿ ಲಾರಿಗಿಟ್ಟರು. ಅವನ್ನು ಇಂಗ್ಲೆಂಡಿಗೆ ಕಳಿಸಿ ಸರಿಮಾಡಿಸುತ್ತಾರಂತೆ. ಬೇಡ ಎನ್ನಬಹುದಿತ್ತು. ನಾನು ಕಾಗದಕ್ಕೆ ಸಹಿ ಹಾಕಿ ಒಳಗೆ ಹೋದೆ.

ಸಿದ್ದರಾಜಣ್ಣ ಮಾರನೆಯ ದಿನವೇ ಸಾಮಾನು ತೆಗೆದುಕೊಂಡು ಹೋಗಲು ಬಂದರು. ಖಾಲಿ ಷೆಡ್ಡು, ಗೋಡೆಗೆ ಒರಗಿದ ಬಾಗಿಲು. ಸ್ವಲ್ಪ ಹೊತ್ತು ನೋಡಿ, "ಚೆನ್ನಾಗಿದೆ ಅಂದ್ರು ಅಂದ್ರಲ್ಲ" ಎಂದರು.

ನಾನು ತಲೆ ತಗ್ಗಿಸಿದೆ.

"ಒರಿಜಿನಲ್ ಅಲ್ಲ ಅಂದ್ರಾ?"

ಹೌದೆಂದು ತಲೆಯಾಡಿಸಿದೆ. ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಲೆಕ್ಕ ತಪ್ಪಿದವರ ಹಾಗೆ ಯೋಚಿಸುತ್ತ ಹೇಳಿದರು: "ಆ ಕಂಪ್ನಿ ಯಜಮಾನ್ರು ಎಷ್ಟು ಜನ ಬದಲಾದ್ರು. ನೀವೇ ಓದಿದ್ರಿ. ಊರು ಬದಲಾಯ್ತು, ಆಳು ಬದಲಾದ್ರು. ಆದ್ರೂ ಕಾರು ಅದೇನೇ. ಅಲ್ಲೂ ಒಬ್ಬ ಕೈಯಲ್ಲೇ ಬಡ್ದಿದ್ದು. ನಾನೂ ಕೈಯಲ್ಲೇ ಬಡ್ದೆ. ನಂದು ಮಾತ್ರ ಯಾಕೆ ಸುಳ್ಳಾಗೋಯ್ತು?"

ಬಾಗಿಲು ನೀವೇ ತೆಗೆದುಕೊಂಡು ಹೋಗಿ ಎಂದು ಕೈಸನ್ನೆ ಮಾಡಿದೆ. "ಬುಡಿ, ಅದು ನಿಮ್ಮನೆ ಕಾರಿಂದು" ಎಂದು ಚರ್ಮದ ಚೀಲವನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋದರು.

ಎರಡು ತಿಂಗಳು ಬಿಟ್ಟು ಅಶೋಕಪುರಂಗೆ ಹೋದೆ. ಒಂದೇ ಕೋಣೆಯ ಮನೆ. ಅಕ್ಕಪಕ್ಕ, ಎದುರು, ಎಲ್ಲ ಕಡೆ ಬಾಗಿಲು ತೆರೆದುಕೊಂಡು ಕೂತ ಜನ. ಸಿದ್ದರಾಜಣ್ಣ ಕುರ್ಚಿ ಹಾಕಿ, ತಾವೇ ಟೀ ಕಾಯಿಸಿ ತಂದುಕೊಟ್ಟರು. ಈಗ ಬಲಗಿವಿಯೂ ಇರಲಿಲ್ಲ. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ಆದರೆ ಅವರಿಗೆ ಕೇಳಬೇಕಾದರೆ ಕೂಗಬೇಕು, ಕೂಗಿದರೆ ಬೀದಿಗೆಲ್ಲ ಕೇಳುತ್ತದೆ. ನಾನು ಸಣ್ಣ ದನಿಯಲ್ಲೇ ಹೇಳಿದೆ.

"ಆಂ?" ಎಂದರು, ಮುಂದಕ್ಕೆ ಬಾಗಿ.

"ಏನಿಲ್ಲ" ಎಂದು ಕೈಯಾಡಿಸಿದೆ.

ಅವರು ನಕ್ಕು ಲೋಟ ತೆಗೆದುಕೊಂಡರು. ಅದೇ ಕೊನೆಯ ಭೇಟಿ.

ಯುಗಾದಿಯ ನಂತರ ಮತ್ತೊಮ್ಮೆ ಹೋದಾಗ ಬೀಗ ಹಾಕಿತ್ತು. ಪಕ್ಕದ ಮನೆಯಾಕೆ ಹೊರಗೆ ಬಂದು, ಅವರು ತೀರಿಹೋಗಿ ತಿಂಗಳ ಮೇಲಾಯಿತು, ಮಗಳು ಬಂದು ಎಲ್ಲ ಮುಗಿಸಿಕೊಂಡು ಹೋದಳು ಎಂದರು. ಯಾರಿಗೆ ತಿಳಿಸಬೇಕೋ ಅವರಿಗೆಲ್ಲ ತಿಳಿಸಿದ್ದರಂತೆ.

"ನೀವು ಅವ್ರಿಗೆ ಏನಾಗ್ಬೇಕು?" ಎಂದು ಕೇಳಿದರು.

"ನಮ್ಮನೇಲಿ ಕೆಲಸ ಮಾಡ್ತಿದ್ರು" ಎಂದೆ. ಹೇಳಿದ ಮೇಲೆ, ಅದಲ್ಲ ಎನ್ನಿಸಿತು. ಬೇರೆ ಮಾತು ಹುಡುಕುವಷ್ಟರಲ್ಲಿ ಆಕೆ, ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋಗಿದ್ದರು.